ನಮ್ಮ ಮಕ್ಕಳ ಪ್ರಗತಿಪತ್ರ: ಬರೆಯುವವರಾರು, ಓದುವವರಾರು?



ಅಡಿಕೆ ಬೆಳೆಯುವ ಮನೆಯವರಿಗೆ ವಿಂಗಡಣೆಯೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಳದಲ್ಲಿ ಒಣಗಿದ ಅಡಿಕೆಯನ್ನು ಸುಲಿದು ರಾಶಿ ಹಾಕಿದಾಗ ಪಟೋರ ಯಾವುದು, ಉಳ್ಳಿಗಡ್ಡೆ ಯಾವುದು, ಕರಿಗೋಟು ಯಾವುದು ಎಂಬುದನ್ನು ಮನೆಯ ಅಜ್ಜಿಯೂ ಕೈಯಲ್ಲಿ ಹಿಡಿದು ಹೇಳಬಲ್ಲಳು. ಹೇಳುವುದಷ್ಟೇ ಅಲ್ಲ, ಅದು ಹಾಗೇಕಾಯಿತೆಂಬುದನ್ನೂ ಬಲ್ಲಳು. ಎಳೆಯದರಲ್ಲಿಯೇ ಕೊಯ್ದೆವೇ, ಬಿಸಿಲು ಸಾಲದೆ ಹೋಯಿತೇ, ಮಳೆಗೆ ಸಿಕ್ಕಿ ನೆನೆಯಿತೇ ಎಂದು ವಿಚಾರಿಸಿ ಮುಂದಿನ ಕೊಯ್ಲಿಗೆ ಎಚ್ಚರ ವಹಿಸುವಳು. ಮಾರುಕಟ್ಟೆಗೆ ಹೋದರೆ ತಕ್ಕಡಿಯ ಮುಳ್ಳನ್ನು ನೋಡದೆ ಹಣ ಎಣಿಸಿಕೊಂಡು ಬರುವ ಕೃಷಿಕನಿಲ್ಲ.

ಆದರೆ ಅದೇ ಮನೆಗೆ ಶಾಲೆಯಿಂದ ಮಗುವಿನ ಪ್ರಗತಿಪತ್ರವು ಬಂದಾಗ ನಡೆಯುವುದೇನು? ತಂದೆಯು ಅದನ್ನು ಹಿಂದೆ ಮುಂದೆ ತಿರುವುತ್ತಾನೆ. ಅದರಲ್ಲಿ ಅಕ್ಷರಗಳಿವೆ, ಅಕ್ಷರಗಳ ಪಕ್ಕದಲ್ಲಿ ಕೂಡಿಸುವ ಚಿಹ್ನೆಗಳಿವೆ. “ಇದೇನು ಮಗಾ?” ಎಂದು ಕೇಳಿದರೆ, “ಪಾಸಾಗಿದೆ ಅಪ್ಪಾ, ಸಹಿ ಹಾಕು” ಎಂದು ಮಗು ಹೇಳುತ್ತದೆ. ತಂದೆ ಸಹಿ ಹಾಕುತ್ತಾನೆ. ಕಾಗದವು ಮರುದಿನ ಶಾಲೆಗೆ ಮರಳುತ್ತದೆ. ಒಂದು ಗೋಣಿ ಅಡಿಕೆಗೆ ಇದ್ದ ಎಚ್ಚರಿಕೆಯು ಹೊಟ್ಟೆಯಲ್ಲಿ ಹುಟ್ಟಿದ ಕೂಸಿಗೆ ಇಲ್ಲದೆ ಹೋಯಿತಲ್ಲ ಎಂದು ನಾವು ಈ ತಂದೆಯನ್ನು ಹಳಿಯಲಾರೆವು. ಅವನಿಗೆ ಆ ಕಾಗದವನ್ನು ಓದಲು ಯಾರೂ ಕಲಿಸಲಿಲ್ಲ. ಅನೇಕ ಸಂದರ್ಭಗಳಲ್ಲಿ ಅದು ಅವನು ಓದಬಲ್ಲ ಭಾಷೆಯಲ್ಲಿಯೂ ಇರುವುದಿಲ್ಲ.

ಈ ಸಂಚಿಕೆಯಲ್ಲಿ ನಾವು ಎರಡೇ ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇವೆ. ಮಗುವಿಗೆ ಗ್ರೇಡು ಕೊಡುವವರು ಮಗು ಬರೆದುದನ್ನು ಓದಬಲ್ಲರೇ? ಕೊಟ್ಟ ಗ್ರೇಡಿನ ವರದಿಯನ್ನು ಹೆತ್ತವರು ಓದಬಲ್ಲರೇ? ಈ ಎರಡಕ್ಕೂ “ಹೌದು” ಎಂಬ ಉತ್ತರ ದೊರೆಯದ ವರೆಗೆ, ಶಾಲೆಯ ಫಲಿತಾಂಶವು ನೂರಕ್ಕೆ ತೊಂಬತ್ತೊಂಬತ್ತಾದರೂ ಕನ್ನಡದ ಮಗುವಿಗೆ ನ್ಯಾಯ ದೊರಕಿತೆಂದು ಹೇಳುವಂತಿಲ್ಲ. ಕಾಸರಗೋಡು ಸೀಮೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸೋಣ. ಉಳಿದ ಗಡಿಭಾಗಗಳ ಬಂಧುಗಳು ತಮ್ಮ ತಮ್ಮ ಸ್ಥಿತಿಯೊಡನೆ ಹೋಲಿಸಿಕೊಳ್ಳಬಹುದು.

ಗ್ರೇಡು ಎಂಬುದು ಕೆಟ್ಟ ಉದ್ದೇಶದಿಂದ ಬಂದುದಲ್ಲವೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳಬೇಕು. ಒಂದೊಂದು ಅಂಕಕ್ಕಾಗಿ ಮಕ್ಕಳು ಪ್ರಾಣ ತೇಯುವುದು ತರವಲ್ಲ, ಅಂಕಗಳ ಬದಲು ಐದು ದರ್ಜೆಗಳ ಚಿಹ್ನೆಗಳನ್ನು ಕೊಡುವುದು ಮೇಲು ಎಂದು 1952–53ರ ಮುದಲಿಯಾರ್ ಆಯೋಗವೇ ಪ್ರೌಢಶಿಕ್ಷಣದ ಬಗೆಗೆ ಸಲಹೆ ಮಾಡಿತ್ತು. ವರ್ಷದ ಕೊನೆಯ ಒಂದು ಪರೀಕ್ಷೆಯೇ ಮಗುವಿನ ಭವಿಷ್ಯವನ್ನು ನಿರ್ಣಯಿಸಬಾರದು, ವರ್ಷವಿಡೀ ಮಾಡಿದ ಕೆಲಸವನ್ನೂ ಶಾಲೆಯು ದಾಖಲೆಯಲ್ಲಿಟ್ಟು ಲೆಕ್ಕಕ್ಕೆ ಹಿಡಿಯಬೇಕೆಂಬುದೂ ಅದರ ಅಭಿಪ್ರಾಯವಾಗಿತ್ತು. ಕೇರಳದಲ್ಲಿ 2005ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಿಂದ ಗ್ರೇಡು ಪದ್ಧತಿಯು ಜಾರಿಗೆ ಬಂದಿತು. ರಾಜ್ಯಕ್ಕೆ ಮೊದಲಿಗ, ಎರಡನೆಯವ ಎಂಬ ಸ್ಥಾನಗಳ ಮೆರವಣಿಗೆಯು ನಿಂತುಹೋಯಿತು. ಸೋತೆನೆಂಬ ಅವಮಾನದಿಂದ ಮನೆ ಬಿಟ್ಟು ಓಡಿದ ಮಕ್ಕಳ ಕಥೆಗಳನ್ನು ಕೇಳಿದ್ದ ಹಿರಿಯರು ಈ ಬದಲಾವಣೆಯನ್ನು ಸ್ವಾಗತಿಸಿದುದು ಸಹಜವೇ ಸರಿ.

ಈಗ ಆ ಕಾಗದವನ್ನು ಓದುವ ಬಗೆಯನ್ನು ತಿಳಿಯೋಣ. ಗ್ರೇಡುಗಳು ಒಂಬತ್ತು. ನೂರಕ್ಕೆ 90 ಮತ್ತು ಅದಕ್ಕೆ ಮೇಲ್ಪಟ್ಟು ಬಂದರೆ ಎ ಪ್ಲಸ್. 80ರಿಂದ 89ರ ವರೆಗೆ ಎ. 70ರಿಂದ 79 ಬಿ ಪ್ಲಸ್. 60ರಿಂದ 69 ಬಿ. 50ರಿಂದ 59 ಸಿ ಪ್ಲಸ್. 40ರಿಂದ 49 ಸಿ. 30ರಿಂದ 39 ಡಿ ಪ್ಲಸ್. 20ರಿಂದ 29 ಡಿ. ಅದಕ್ಕಿಂತ ಕೆಳಗೆ ಇ. ಎ ಪ್ಲಸ್‌ಗೆ ಒಂಬತ್ತು ಗ್ರೇಡು ಅಂಶ, ಎ ಗೆ ಎಂಟು, ಹೀಗೆ ಇಳಿಯುತ್ತ ಇ ಗೆ ಒಂದು. ಹತ್ತನೆಯ ತರಗತಿಯಲ್ಲಿ ಎಲ್ಲ ವಿಷಯಗಳಲ್ಲಿಯೂ ಕನಿಷ್ಠ ಡಿ ಪ್ಲಸ್ ಪಡೆದವನು ಉನ್ನತ ವ್ಯಾಸಂಗಕ್ಕೆ ಅರ್ಹನೆನಿಸುತ್ತಾನೆ. ನಾವು ಪಾಸು ಎನ್ನುವುದು ಇದನ್ನೇ. ಪ್ಲಸ್ ವನ್ ತರಗತಿಯ ಪ್ರವೇಶಕ್ಕೆ ಪಟ್ಟಿ ಸಿದ್ಧಪಡಿಸುವಾಗ ಈ ಗ್ರೇಡು ಅಂಶಗಳೇ ಆಧಾರವಾಗುತ್ತವೆ.

ಈ ಗ್ರೇಡು ಎರಡು ಭಾಗಗಳನ್ನು ಕೂಡಿಸಿದಾಗ ಬರುವ ಮೊತ್ತವೆಂಬುದನ್ನು ಬಹು ಮಂದಿ ಹೆತ್ತವರು ಅರಿಯರು. ಒಂದು, ವರ್ಷದ ಕೊನೆಯ ಲಿಖಿತ ಪರೀಕ್ಷೆ. ಇನ್ನೊಂದು, ನಿರಂತರ ಮೌಲ್ಯಮಾಪನ. ಎಂದರೆ ವರ್ಷವಿಡೀ ಮಗು ಮಾಡಿದ ಪ್ರಾಜೆಕ್ಟು, ಬರೆದುಕೊಟ್ಟ ಪ್ರಬಂಧ, ಪ್ರಯೋಗದ ಟಿಪ್ಪಣಿ, ತರಗತಿಯ ಕಿರುಪರೀಕ್ಷೆ ಇವುಗಳನ್ನು ನೋಡಿ ಅಧ್ಯಾಪಕರೇ ಕೊಡುವ ಅಂಕ. ಗಣಿತ, ಸಮಾಜ ವಿಜ್ಞಾನ, ಇಂಗ್ಲಿಷು ಇವುಗಳಲ್ಲಿ ಲಿಖಿತ ಪರೀಕ್ಷೆಗೆ 80, ನಿರಂತರ ಮೌಲ್ಯಮಾಪನಕ್ಕೆ 20. ಪ್ರಥಮ ಭಾಷೆಯ ಎರಡು ಪತ್ರಿಕೆಗಳು, ಹಿಂದಿ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇವುಗಳಲ್ಲಿ 40 ಮತ್ತು 10. ಯಾವ ವಿಷಯವನ್ನು ನೋಡಿದರೂ ಐದರಲ್ಲಿ ಒಂದು ಪಾಲು ಶಾಲೆಯೊಳಗೆ, ಅಧ್ಯಾಪಕರ ಕೈಯಲ್ಲಿಯೇ ನಿರ್ಣಯವಾಗುತ್ತದೆ.

ಈ ಲೆಕ್ಕದ ಎರಡು ತುದಿಗಳನ್ನು ನೋಡಿರಿ. ಗಣಿತದಲ್ಲಿ ಒಬ್ಬ ಬಾಲಕನಿಗೆ ನಿರಂತರ ಮೌಲ್ಯಮಾಪನದ 20 ಅಂಕಗಳೂ ಪೂರ್ತಿ ದೊರೆತುವೆಂದು ಭಾವಿಸೋಣ. ಲಿಖಿತ ಪರೀಕ್ಷೆಯಲ್ಲಿ 80ಕ್ಕೆ ಬರಿಯ 10 ಬಂದರೂ ಒಟ್ಟು 30 ಆಯಿತು, ಡಿ ಪ್ಲಸ್ ಆಯಿತು, ಪಾಸೂ ಆಯಿತು. ಆ ಬಾಲಕನು ಪ್ರಶ್ನೆಪತ್ರಿಕೆಯ ಎಂಟರಲ್ಲಿ ಏಳು ಪಾಲನ್ನು ಬಿಡಿಸಲಾರದೆ ಹೋದನೆಂಬ ಸಂಗತಿಯು ಆ ಅಕ್ಷರದ ಹಿಂದೆ ಅಡಗಿ ಕುಳಿತಿತು. ಇನ್ನೊಂದು ತುದಿಯಲ್ಲಿ, ಒಬ್ಬ ಬಾಲಕಿಯು ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 70 ಪಡೆದಳು. ಶಾಲೆಯು 20 ಕೊಟ್ಟರೆ ಒಟ್ಟು 90, ಎ ಪ್ಲಸ್, ಒಂಬತ್ತು ಅಂಶ. ಶಾಲೆಯು 19 ಕೊಟ್ಟರೆ 89, ಎ, ಎಂಟು ಅಂಶ. ಒಂದೇ ಒಂದು ಅಂಕದಿಂದ ಅವಳು ಬಯಸಿದ ವಿಜ್ಞಾನ ವಿಭಾಗದ ಬಾಗಿಲು ತೆರೆಯಲೂಬಹುದು, ಮುಚ್ಚಲೂಬಹುದು.

ಹಾಗಾದರೆ ಆ ಇಪ್ಪತ್ತು ಅಂಕಗಳನ್ನು ಕೊಡುವವರು ಯಾರು? ಇಲ್ಲಿಯೇ ನಮ್ಮ ಸೀಮೆಯ ನೋವು ಇರುವುದು. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವನ್ನು ಓದಲೂ ಬರೆಯಲೂ ಬಾರದ ಅಧ್ಯಾಪಕರನ್ನು ನೇಮಿಸಿದ ಪ್ರಸಂಗಗಳು ಕಾಸರಗೋಡಿನಲ್ಲಿ ಮತ್ತೆ ಮತ್ತೆ ನಡೆದಿವೆ. ಮಕ್ಕಳೂ ರಕ್ಷಕರೂ ಶಾಲೆಯ ಬಾಗಿಲಲ್ಲಿ ಕುಳಿತು ಪ್ರತಿಭಟಿಸಿದ್ದಾರೆ. ನ್ಯಾಯಾಲಯದ ಮೆಟ್ಟಿಲನ್ನೂ ಏರಿದ್ದಾರೆ. ಅಂಥವರಿಂದ ಪಾಠ ಹೇಗೆ ನಡೆದೀತೆಂಬ ಪ್ರಶ್ನೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅವರಿಂದ ಮೌಲ್ಯಮಾಪನ ಹೇಗೆ ನಡೆದೀತೆಂಬುದನ್ನು ಕೇಳಿದವರು ವಿರಳ.

ಹಳ್ಳಿಯ ಒಬ್ಬ ಬಾಲಕಿಯು ತನ್ನ ಮನೆಯ ಸುರಂಗದ ನೀರು ಬೇಸಗೆಯಲ್ಲಿ ಎಷ್ಟು ಇಳಿಯುತ್ತದೆಂಬುದನ್ನು ವಾರವಾರವೂ ಅಳೆದು, ಅಜ್ಜನನ್ನು ಕೇಳಿ ತಿಳಿದು, ಹತ್ತು ಪುಟಗಳಷ್ಟು ಕನ್ನಡದಲ್ಲಿ ಬರೆದು ಒಪ್ಪಿಸಿದಳೆಂದು ಇಟ್ಟುಕೊಳ್ಳಿ. ಇನ್ನೊಬ್ಬನು ಪಠ್ಯಪುಸ್ತಕದ ಹತ್ತು ಪುಟಗಳನ್ನು ಅಂದವಾಗಿ ನಕಲು ಮಾಡಿ ಬಣ್ಣದ ಚಿತ್ರ ಅಂಟಿಸಿ ಕೊಟ್ಟನು. ಕನ್ನಡವನ್ನರಿಯದ ಅಧ್ಯಾಪಕರ ಕಣ್ಣಿಗೆ ಕಾಣುವುದು ಪುಟಗಳ ಸಂಖ್ಯೆ, ಅಕ್ಷರದ ಅಂದ, ಚಿತ್ರದ ಬಣ್ಣ ಇಷ್ಟೇ. ಅವರಲ್ಲಿ ದುರುದ್ದೇಶವಿದೆಯೆಂದು ನಾವು ಹೇಳುವುದಿಲ್ಲ. ಎಷ್ಟೋ ಮಂದಿ ಸಜ್ಜನರು ದೂರದ ಜಿಲ್ಲೆಗಳಿಂದ ಬಂದು, ಭಾಷೆ ಬಾರದ ಕಷ್ಟವನ್ನು ತಾವೂ ಅನುಭವಿಸಿ, ಮಕ್ಕಳಿಗೆ ಅನ್ಯಾಯವಾಗಬಾರದೆಂಬ ಕನಿಕರದಿಂದಲೇ ಎಲ್ಲರಿಗೂ ಪೂರ್ತಿ ಅಂಕ ಹಾಕಿಬಿಡುವರು. ಆದರೆ ಈ ಕನಿಕರದ ಫಲವೇನು? ಎಲ್ಲರಿಗೂ ಇಪ್ಪತ್ತು ಬಂದಾಗ ಆ ಇಪ್ಪತ್ತಕ್ಕೆ ಅರ್ಥವುಳಿಯುವುದಿಲ್ಲ. ದುಡಿದ ಮಗುವಿಗೆ ದುಡಿದೆನೆಂಬ ಸಂತೋಷವಿಲ್ಲ. ಹಿಂದುಳಿದ ಮಗುವಿಗೆ ಎಲ್ಲಿ ತಪ್ಪಿತೆಂಬ ಅರಿವಿಲ್ಲ. ಓದಲಾರದ ಕಣ್ಣು ಕೊಟ್ಟ ಹೊಗಳಿಕೆಯೂ ತೆಗಳಿಕೆಯೂ ಮಗುವಿಗೆ ಏನನ್ನೂ ಕಲಿಸಲಾರವು.

ಇದರೊಡನೆ ಲಿಖಿತ ಪರೀಕ್ಷೆಯ ತೊಡಕನ್ನೂ ಸೇರಿಸಿಕೊಳ್ಳಿರಿ. ಪ್ರಶ್ನೆಪತ್ರಿಕೆಯನ್ನು ಕೈಗೆ ಕೊಟ್ಟ ಮೇಲೆ ಬರೆಯಲಾರಂಭಿಸುವ ಮೊದಲು ಶಾಂತವಾಗಿ ಓದಿಕೊಳ್ಳಲು ಹದಿನೈದು ನಿಮಿಷಗಳ ಅವಕಾಶವನ್ನು ಕೇರಳದ ಪರೀಕ್ಷೆಗಳಲ್ಲಿ ಕೊಡುತ್ತಾರೆ. ಒಳ್ಳೆಯ ಏರ್ಪಾಡು. ಆದರೆ ತರಗತಿಯಲ್ಲಿ ಒಂದು ಪಾರಿಭಾಷಿಕ ಶಬ್ದವನ್ನು ಇಂಗ್ಲಿಷಿನಲ್ಲಿಯೋ ಮಲೆಯಾಳದಲ್ಲಿಯೋ ಕೇಳಿದ್ದ ಮಗುವು ಪರೀಕ್ಷೆಯ ದಿನ ಮೊದಲ ಬಾರಿಗೆ ಅದರ ಕನ್ನಡ ರೂಪವನ್ನು ಕಂಡರೆ, ಆ ಹದಿನೈದು ನಿಮಿಷಗಳು ಉತ್ತರವನ್ನು ಯೋಚಿಸುವುದಕ್ಕಲ್ಲ, ಪ್ರಶ್ನೆಯನ್ನು ಬಿಡಿಸುವುದಕ್ಕೇ ಕಳೆದುಹೋಗುತ್ತವೆ. ಹೀಗಾದಾಗ ಬಂದ ಸಿ ಎಂಬ ಗ್ರೇಡು ಮಗುವಿನ ಬುದ್ಧಿಯ ಅಳತೆಯೋ, ಶಾಲೆಯ ಏರ್ಪಾಡಿನ ಅಳತೆಯೋ?

ಇಷ್ಟು ಕಾಲ ಈ ಕೊರತೆಗಳೆಲ್ಲ ಧಾರಾಳವಾದ ಫಲಿತಾಂಶದ ಮರೆಯಲ್ಲಿ ಉಳಿದುವು. ಕೇರಳದ ಎಸ್.ಎಸ್.ಎಲ್.ಸಿ. ಫಲಿತಾಂಶವು 2023ರಲ್ಲಿ ನೂರಕ್ಕೆ 99.70, 2024ರಲ್ಲಿ 99.69, 2025ರಲ್ಲಿ 99.5. ಎಲ್ಲರೂ ದಾಟುವ ಸಂಕವನ್ನು ಯಾರೂ ಪರೀಕ್ಷಿಸುವುದಿಲ್ಲ. ಆದರೆ ಸರಕಾರವೇ ಈಗ ದಾರಿಯನ್ನು ಬದಲಿಸಿದೆ. 2024ರ ಆಗಸ್ಟಿನಲ್ಲಿ ಕೇರಳದ ಸಚಿವ ಸಂಪುಟವು, ಲಿಖಿತ ಪರೀಕ್ಷೆಯೊಂದರಲ್ಲಿಯೇ ಪ್ರತಿ ವಿಷಯಕ್ಕೂ ನೂರಕ್ಕೆ 30ರ ಕನಿಷ್ಠ ಅಂಕವಿರತಕ್ಕದ್ದೆಂದು ನಿರ್ಧರಿಸಿತು. 2024–25ರಲ್ಲಿ ಎಂಟನೆಯ ತರಗತಿಗೆ, 2025–26ರಲ್ಲಿ ಒಂಬತ್ತಕ್ಕೆ, 2026–27ರಲ್ಲಿ ಹತ್ತಕ್ಕೆ ಎಂಬುದು ಆ ನಿರ್ಧಾರದ ಕ್ರಮ. ಮೊದಲ ವರ್ಷದಲ್ಲಿ ಕನಿಷ್ಠ ಅಂಕ ಪಡೆಯದ ಎಂಟನೆಯ ತರಗತಿಯ ಮಕ್ಕಳಿಗೆ 2025ರ ಎಪ್ರಿಲಿನಲ್ಲಿ ವಿಶೇಷ ತರಗತಿಗಳನ್ನು ನಡೆಸಿ ಮರುಪರೀಕ್ಷೆ ಮಾಡಲಾಯಿತು.

ಇದರ ಅರ್ಥವನ್ನು ಹೆತ್ತವರು ಚೆನ್ನಾಗಿ ಗ್ರಹಿಸಬೇಕು. ಎಂಬತ್ತರ ಪತ್ರಿಕೆಯಲ್ಲಿ ಮೊದಲು ಹತ್ತು ಬಂದರೂ ಸಾಗುತ್ತಿತ್ತು. ಹೊಸ ಕ್ರಮದಲ್ಲಿ 24 ಬೇಕು. ನಲವತ್ತರ ಪತ್ರಿಕೆಯಲ್ಲಿ ಮೊದಲು ಐದು ಸಾಕಾಗುತ್ತಿತ್ತು. ಇನ್ನು 12 ಬೇಕು. ಈ ನಿಯಮವು ತಪ್ಪೆಂದು ನಾವು ಹೇಳಲಾರೆವು. ಕಲಿಯದ ಮಗುವನ್ನು ಕಲಿತಿದೆಯೆಂದು ಹೇಳಿ ಮುಂದಕ್ಕೆ ನೂಕುವುದು ಮಗುವಿಗೆ ಮಾಡುವ ವಂಚನೆಯೇ ಹೌದು. ಆದರೆ ಕಲಿಸಬೇಕಾದವರನ್ನು ಸರಿಯಾಗಿ ಕೊಡದೆ, ಅಳೆಯುವ ಕೋಲನ್ನು ಮಾತ್ರ ಬಿಗಿಗೊಳಿಸಿದರೆ ಅದರ ಪೆಟ್ಟು ಮೊದಲು ಬೀಳುವುದು ಯಾರ ಬೆನ್ನಿಗೆ? ತನ್ನ ಭಾಷೆಯನ್ನರಿಯದ ಅಧ್ಯಾಪಕರ ಮುಂದೆ ವರ್ಷವಿಡೀ ಕುಳಿತ ಮಗುವಿನ ಬೆನ್ನಿಗೆ. ವಿಶೇಷ ತರಗತಿಯನ್ನು ನಡೆಸುವವರೂ ಅವರೇ ಆದರೆ ಆ ವಿಶೇಷವು ಯಾತಕ್ಕೆ ಬಂತು? ಕನ್ನಡ ಮಾಧ್ಯಮದ ಮಕ್ಕಳಿಗೆ ನಡೆಸುವ ವಿಶೇಷ ತರಗತಿಯನ್ನಾದರೂ ಕನ್ನಡ ಬಲ್ಲ ಅಧ್ಯಾಪಕರೇ ನಡೆಸಬೇಕೆಂಬುದು ಈ ಕಾಲದ ನಮ್ಮ ಮೊದಲ ಬೇಡಿಕೆಯಾಗತಕ್ಕದ್ದು.

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ವರದಿಯು ಹೆತ್ತವರ ಭಾಷೆಯಲ್ಲಿ ಬರುವುದೇ? ಮುದ್ರಿತ ಪತ್ರವು ಇಂಗ್ಲಿಷಿನಲ್ಲಿಯೋ ಮಲೆಯಾಳದಲ್ಲಿಯೋ ಬರುವುದುಂಟು. ಈಚೆಗೆ ಮೊಬೈಲ್ ಫೋನಿಗೆ ಬರುವ ಸಂದೇಶಗಳ ಸ್ಥಿತಿಯೂ ಇದೇ. ನಮ್ಮ ಸೀಮೆಯ ಮನೆಗಳಲ್ಲಿ ತುಳು, ಹವಿಗನ್ನಡ, ಕೊಂಕಣಿ, ಮರಾಟಿ, ಬ್ಯಾರಿ ಹೀಗೆ ನಾನಾ ನುಡಿಗಳನ್ನು ಆಡುತ್ತಾರೆ. ಆದರೆ ಅಕ್ಷರವೆಂದು ಕಲಿತುದು ಕನ್ನಡ. ಬೀಡಿ ಕಟ್ಟುತ್ತ ಮಗುವನ್ನು ಓದಿಸುವ ತಾಯಿಗೆ ಆ ಕಾಗದವನ್ನು ಯಾರಾದರೂ ಓದಿ ಹೇಳಬೇಕು. ಹೇಳುವವನು ಆ ಮಗುವೇ. ತನ್ನ ಮೇಲಿನ ದೂರನ್ನು ತಾನೇ ಓದಿ ಹೇಳಬೇಕಾದ ಮಗುವು ಎಲ್ಲವನ್ನೂ ಹೇಳೀತೆಂದು ನಂಬುವುದು ಸರಿಯಲ್ಲ.

ಈ ವಿಷಯದಲ್ಲಿ ನಾವು ಭಿಕ್ಷೆ ಬೇಡುತ್ತಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸ್ಪಷ್ಟವಾದ ಹಕ್ಕನ್ನು ಕೊಟ್ಟಿದೆ. ಸರಕಾರದ ಕಾರ್ಯಾಲಯದೊಡನೆಯೂ ಇಲಾಖಾ ಮುಖ್ಯಸ್ಥರೊಡನೆಯೂ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದಲ್ಲಿಯ ಸ್ಥಳೀಯ ಸರಕಾರಿ ಕಚೇರಿಗಳೊಡನೆಯೂ ಅವರು ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಆ ಭಾಷೆಯಲ್ಲಿಯೇ ಬರತಕ್ಕದ್ದು. ಆದುದರಿಂದ ಕನ್ನಡದಲ್ಲಿ ಅರ್ಜಿ ಬರೆದು, ಪ್ರಗತಿಪತ್ರವನ್ನು ಕನ್ನಡದಲ್ಲಿ ಕೊಡಿರೆಂದು ಕೇಳುವವನು ಕಾನೂನಿನ ಒಳಗೇ ನಿಂತು ಕೇಳುತ್ತಾನೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ವಿಧಿಯು, ಅಧ್ಯಾಪಕರು ಹೆತ್ತವರೊಡನೆ ಕ್ರಮವಾಗಿ ಸಭೆ ನಡೆಸಿ ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಇವುಗಳನ್ನು ತಿಳಿಸುವುದು ಅವರ ಕರ್ತವ್ಯವೆಂದು ಹೇಳುತ್ತದೆ. ತಿಳಿಸುವುದೆಂದರೆ ಕೇಳುವವನಿಗೆ ತಿಳಿಯುವಂತೆ ಹೇಳುವುದೆಂದೇ ಅರ್ಥ. ತಿಳಿಯದ ಭಾಷೆಯಲ್ಲಿ ಹೇಳಿದುದು ಹೇಳಿದಂತಾಗಲಿಲ್ಲ. ಈ ಕಾಯಿದೆಯು ಎಂಟನೆಯ ತರಗತಿಯ ವರೆಗೆ ಅನ್ವಯಿಸುತ್ತದೆ. ಹೊಸ ಕನಿಷ್ಠ ಅಂಕದ ನಿಯಮವು ಆರಂಭವಾದುದೂ ಎಂಟನೆಯ ತರಗತಿಯಲ್ಲಿಯೇ ಎಂಬುದನ್ನು ನೆನಪಿಡಿರಿ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350 ಎ ಅನುಚ್ಛೇದವು ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕೊಡಬೇಕೆಂದು ಹೇಳಿದುದು ಪ್ರಾಥಮಿಕ ಹಂತಕ್ಕೆ ಮಾತ್ರ. ಪ್ರೌಢಶಾಲೆಯಲ್ಲಿ ನಮಗೆ ಆ ಅನುಚ್ಛೇದದ ಆಸರೆಯಿಲ್ಲ. ಆದುದರಿಂದ ಅಲ್ಲಿ ರಕ್ಷಕರ ಎಚ್ಚರಿಕೆಯೂ ಒಗ್ಗಟ್ಟೂ ಇಮ್ಮಡಿಯಾಗಿರಬೇಕು.

ಉಳಿದ ಗಡಿಗಳಲ್ಲಿ ತಕ್ಕಡಿಯ ಆಕಾರವು ಬೇರೆಯಾದರೂ ತೊಂದರೆಯ ಜಾತಿ ಒಂದೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅಂಕಗಳೇ ಇವೆ. ಉತ್ತೀರ್ಣನಾಗಲು 35 ಬೇಕು. ಶೇಕಡಾವಾರು ಕಟ್ಟುವಾಗ ಆರು ವಿಷಯಗಳಲ್ಲಿ ಉತ್ತಮವಾದ ಐದನ್ನು ಮಾತ್ರ ಹಿಡಿಯುತ್ತಾರೆ. ಅಲ್ಲಿಯ ತಂದೆಯು ಮೊದಲು ವಿಚಾರಿಸಬೇಕಾದುದು ಕೈಬಿಟ್ಟುಹೋದ ವಿಷಯ ಯಾವುದು, ಅದರಲ್ಲಿ ಮಗು ಏಕೆ ಹಿಂದುಳಿಯಿತು ಎಂಬುದನ್ನು. ಹೊಸೂರು, ತಾಳವಾಡಿಗಳಲ್ಲಿ 2006ರ ತಮಿಳು ಕಲಿಕಾ ಕಾನೂನು ಒಂದನೆಯ ತರಗತಿಯಿಂದ ವರ್ಷಕ್ಕೊಂದರಂತೆ ಮೇಲೇರಿ 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಆ ಮೇಲೆ ತಮಿಳು ಪತ್ರಿಕೆಯಿಂದ ವಿನಾಯಿತಿ ಕೋರಿ ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಗಳಿಗೆ ಹೋಗಬೇಕಾಯಿತು. ಅಂಕಪಟ್ಟಿಯಲ್ಲಿ ಕನ್ನಡವು ಎಲ್ಲಿ ನಿಂತಿದೆ, ಅದು ಮೊತ್ತಕ್ಕೆ ಸೇರಿದೆಯೇ ಇಲ್ಲವೇ ಎಂಬುದನ್ನು ಅಲ್ಲಿಯವರು ಪ್ರತಿ ವರ್ಷವೂ ನೋಡಿಕೊಳ್ಳತಕ್ಕದ್ದು. ಆದವಾನಿ, ರಾಯದುರ್ಗ, ಮಡಕಶಿರಗಳ ಕಡೆ 2012ರಿಂದ ಗ್ರೇಡು ಬಂದು, ಆಂಧ್ರ ಸರಕಾರವು 2022ರಲ್ಲಿ ಮರಳಿ ಅಂಕಗಳಿಗೆ ಬಂದಿತು. ಅಣ್ಣನ ಪತ್ರದಲ್ಲಿ ಗ್ರೇಡು, ತಮ್ಮನ ಪತ್ರದಲ್ಲಿ ಅಂಕ. ಎರಡನ್ನೂ ಓದಲು ಮನೆಯವರು ಹೊಸದಾಗಿ ಕಲಿಯಬೇಕಾಯಿತು.

ಕಾಸರಗೋಡಿನ ಮಕ್ಕಳಿಗೆ ಇನ್ನೊಂದು ತೊಡಕೂ ಇದೆ. ಹತ್ತನೆಯ ತರಗತಿ ಮುಗಿಸಿ ತಲಪಾಡಿಯ ಗಡಿಯನ್ನು ದಾಟಿ ಮಂಗಳೂರಿಗೋ, ಇತ್ತ ಪುತ್ತೂರು ಸುಳ್ಯಗಳಿಗೋ ಓದಲು ಹೋಗುವವರು ಅನೇಕರು. ಅಲ್ಲಿಯ ಕಾಲೇಜುಗಳು ಕಂಡು ಬಳಕೆಯಾದುದು 625 ಅಂಕಗಳ ಕರ್ನಾಟಕದ ಎಸ್.ಎಸ್.ಎಲ್.ಸಿ. ಪಟ್ಟಿಯನ್ನು. ನಮ್ಮ ಮಗುವಿನ ಪತ್ರದಲ್ಲಿ ಇರುವುದು ಅಕ್ಷರಗಳು. 90 ಬಂದವನಿಗೂ 100 ಬಂದವಳಿಗೂ ಅಲ್ಲಿ ಒಂದೇ ಎ ಪ್ಲಸ್. ಗಡಿಯಾಚೆ ಓದಿಸಬೇಕೆಂದು ಬಯಸುವವರು ಅಂಕಗಳ ವಿವರವನ್ನು ಪಡೆಯುವ ಕ್ರಮವನ್ನು ಮುಖ್ಯೋಪಾಧ್ಯಾಯರಲ್ಲಿ ಮುಂಚಿತವಾಗಿಯೇ ಕೇಳಿ ತಿಳಿದುಕೊಳ್ಳುವುದು ಲೇಸು. ಕರ್ನಾಟಕದ ಕಾಲೇಜುಗಳೂ ಗಡಿನಾಡಿನ ಮಕ್ಕಳ ಗ್ರೇಡನ್ನು ಅದರ ಮಧ್ಯದ ಅಂಕಕ್ಕೋ ಕೆಳಗಿನ ಅಂಕಕ್ಕೋ ಮನಸ್ಸಿಗೆ ತೋಚಿದಂತೆ ಇಳಿಸದೆ ಒಂದು ನಿಯಮವನ್ನು ಅನುಸರಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಗಡಿಯ ಮಕ್ಕಳು ನಮ್ಮವರೆಂದು ಸಭೆಗಳಲ್ಲಿ ಹೇಳಿದರೆ ಸಾಲದು. ಪ್ರವೇಶದ ಮೇಜಿನ ಮುಂದೆಯೂ ಅದು ಕಾಣಬೇಕು.

ಇತರರ ತಪ್ಪನ್ನು ಇಷ್ಟು ಎಣಿಸಿದ ಮೇಲೆ ನಮ್ಮ ತಪ್ಪನ್ನೂ ಎಣಿಸಬೇಡವೇ? ಫಲಿತಾಂಶ ಬಂದ ವಾರದಲ್ಲಿ ನಮ್ಮ ಊರುಗಳ ಕವಲುದಾರಿಗಳನ್ನು ನೋಡಿರಿ. ಎಲ್ಲ ವಿಷಯಗಳಲ್ಲಿ ಎ ಪ್ಲಸ್ ಪಡೆದವರ ಭಾವಚಿತ್ರಗಳ ದೊಡ್ಡ ದೊಡ್ಡ ಹಲಗೆಗಳು ಎದ್ದುನಿಲ್ಲುತ್ತವೆ. ಯುವಕ ಮಂಡಲ, ಭಜನಾ ಮಂದಿರ, ಸಹಕಾರಿ ಸಂಘ, ಕನ್ನಡದ ಸಂಸ್ಥೆಗಳು, ಎಲ್ಲರೂ ಅವರನ್ನೇ ಕರೆದು ಶಾಲು ಹೊದಿಸುತ್ತಾರೆ. ಸ್ಥಾನಗಳ ಮೆರವಣಿಗೆಯನ್ನು ನಿಲ್ಲಿಸಲೆಂದು ಬಂದ ಗ್ರೇಡಿನಿಂದಲೇ ನಾವು ಹೊಸ ಮೆರವಣಿಗೆಯನ್ನು ಹೊರಡಿಸಿದೆವು. ಡಿ ಯಿಂದ ಸಿ ಪ್ಲಸ್‌ಗೆ ಏರಿದ ಬಡವರ ಮನೆಯ ಹುಡುಗನನ್ನು ಯಾವ ಸಭೆಯೂ ಕರೆಯುವುದಿಲ್ಲ. ಅವನ ಏರಿಕೆಯು ಎ ಯಿಂದ ಎ ಪ್ಲಸ್‌ಗೆ ಏರಿದವನ ಏರಿಕೆಗಿಂತ ಹಿರಿದಲ್ಲವೇ? ಅಧ್ಯಾಪಕ–ರಕ್ಷಕ ಸಂಘದ ಸಭೆಗೆ ಬರುವವರ ಸಂಖ್ಯೆಯೂ ವಾರ್ಷಿಕೋತ್ಸವಕ್ಕೆ ಬರುವವರ ಸಂಖ್ಯೆಯೂ ನಮಗೆ ತಿಳಿದುದೇ. ಭಾಷೆಗಾಗಿ ಹೋರಾಡುವ ನಾವು ಆ ಭಾಷೆಯಲ್ಲಿ ಕಲಿಯುವ ಮಗುವಿನ ನೋಟುಪುಸ್ತಕವನ್ನು ಎಷ್ಟು ಸಲ ಬಿಡಿಸಿ ನೋಡಿದ್ದೇವೆ?

ಆದುದರಿಂದ ಈ ಅಧ್ಯಯನ ವರ್ಷದಲ್ಲಿ ಪ್ರತಿ ಊರಿನ ಬಂಧುಗಳು ಮಾಡಬೇಕಾದ ಕೆಲಸವನ್ನು ಸಂಕ್ಷೇಪವಾಗಿ ಸೂಚಿಸುತ್ತೇವೆ.

ಮೊದಲನೆಯದಾಗಿ, ಸಹಿ ಹಾಕುವ ಮೊದಲು ಕೇಳಿರಿ: ಈ ಗ್ರೇಡಿನಲ್ಲಿ ಲಿಖಿತ ಪರೀಕ್ಷೆಯ ಅಂಕವೆಷ್ಟು, ನಿರಂತರ ಮೌಲ್ಯಮಾಪನದ ಅಂಕವೆಷ್ಟು? ಎರಡನ್ನೂ ಬೇರೆ ಬೇರೆಯಾಗಿ ಒಂದು ಪುಸ್ತಕದಲ್ಲಿ ಬರೆದಿಡಿರಿ. ಎಂಬತ್ತಕ್ಕೆ ಇಪ್ಪತ್ತನಾಲ್ಕು, ನಲವತ್ತಕ್ಕೆ ಹನ್ನೆರಡು, ಈ ಎರಡು ಸಂಖ್ಯೆಗಳು ಬಾಯಿಪಾಠವಾಗಿರಲಿ.

ಎರಡನೆಯದಾಗಿ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಮನೆಗೆ ಬಂದಾಗ ಊರಿನಲ್ಲಿ ಓದು ಬಲ್ಲ ಹಿರಿಯರೊಬ್ಬರ ಮುಂದೆ ಕುಳಿತು ಅವುಗಳನ್ನು ನೋಡಿರಿ. ಕನ್ನಡ ಉತ್ತರವನ್ನು ಓದಿಯೇ ಅಂಕ ಕೊಟ್ಟಿದ್ದಾರೆಯೇ, ತಪ್ಪನ್ನು ಗುರುತಿಸಿದ್ದಾರೆಯೇ, ಬರಿಯ ಗೀಟು ಎಳೆದಿದ್ದಾರೆಯೇ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಸಂಶಯವಿದ್ದರೆ ಮರುಮೌಲ್ಯಮಾಪನಕ್ಕೂ ಉತ್ತರಪತ್ರಿಕೆಯ ಪ್ರತಿಗೂ ಅರ್ಜಿ ಹಾಕುವ ಅವಕಾಶವಿದೆ. ತನ್ನ ಉತ್ತರಪತ್ರಿಕೆಯನ್ನು ನೋಡುವುದು ಮಾಹಿತಿ ಹಕ್ಕಿನ ಅನ್ವಯ ಪರೀಕ್ಷಾರ್ಥಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ತೀರ್ಮಾನಿಸಿದೆ.

ಮೂರನೆಯದಾಗಿ, ಕನ್ನಡ ಬಾರದ ಅಧ್ಯಾಪಕರಿರುವ ತರಗತಿಗಳಲ್ಲಿ ನಿರಂತರ ಮೌಲ್ಯಮಾಪನದ ಬರಹಗಳನ್ನು ಕನ್ನಡ ಬಲ್ಲ ಇನ್ನೊಬ್ಬ ಅಧ್ಯಾಪಕರೂ ಓದಿ ನೋಡಬೇಕೆಂದು ಅಧ್ಯಾಪಕ–ರಕ್ಷಕ ಸಂಘದಲ್ಲಿ ಕನ್ನಡದಲ್ಲಿಯೇ ಗೊತ್ತುವಳಿ ಮಾಡಿರಿ. ಅಂಕಗಳನ್ನು ಅಂತಿಮವಾಗಿ ಕಳುಹಿಸುವ ಮೊದಲು ಮಕ್ಕಳಿಗೆ ತೋರಿಸಬೇಕೆಂದೂ ಅದರಲ್ಲಿ ಸೇರಿಸಿರಿ. ಇದು ಅಧ್ಯಾಪಕರ ಮೇಲಿನ ದೂರಲ್ಲ. ಅವರ ಕಷ್ಟಕ್ಕೆ ಕೊಡುವ ಕೈ.

ನಾಲ್ಕನೆಯದಾಗಿ, ಕನ್ನಡದ ಪ್ರಗತಿಪತ್ರಕ್ಕಾಗಿ ಅರ್ಜಿಯನ್ನು ಕನ್ನಡದಲ್ಲಿ ಬರೆದು, ಒಪ್ಪಿಸಿದ ದಿನಾಂಕದ ರಸೀದಿಯನ್ನು ಪಡೆದುಕೊಳ್ಳಿರಿ. ಬಾಯಿಮಾತಿನ ಬೇಡಿಕೆಯು ಗಾಳಿಗೆ ಹೋಗುತ್ತದೆ. ಬರೆದ ಅರ್ಜಿಯು ಕಡತದಲ್ಲಿ ಉಳಿಯುತ್ತದೆ. ನಾಳೆ ಜಿಲ್ಲಾ ಶಿಕ್ಷಣಾಧಿಕಾರಿಯ ಮುಂದಾಗಲಿ, ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಮುಂದಾಗಲಿ ನಮ್ಮ ಪರವಾಗಿ ಸಾಕ್ಷಿ ಹೇಳುವುದು ಅದೇ.

ಕೊನೆಯದಾಗಿ, ನಮ್ಮ ಸಂಘ ಸಂಸ್ಥೆಗಳು ಈ ವರ್ಷದ ಸನ್ಮಾನದಲ್ಲಿ ಒಂದು ಕುರ್ಚಿಯನ್ನಾದರೂ ಹಿಂದಿನ ವರ್ಷಕ್ಕಿಂತ ಹೆಚ್ಚು ಮೇಲೇರಿದ ಮಗುವಿಗಾಗಿ ಇಡಲಿ. ಅದು ಯಾವ ಗ್ರೇಡಿನಿಂದ ಯಾವ ಗ್ರೇಡಿಗೆ ಏರಿದರೂ ಸರಿಯೇ.

ಬಂಧುಗಳೇ, 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಹೇಳಿತು. ಆ ವರದಿಯು ಕಾಗದದಲ್ಲಿಯೇ ಉಳಿದಿದೆ. ಏಕೀಕರಣದ ಧ್ವನಿಯನ್ನು ಕೊನೆಯ ವರೆಗೂ ಎತ್ತಿ ಹಿಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಕರಿಹಲಗೆಯ ಮುಂದೆ ನಿಂತ ಅಧ್ಯಾಪಕರೂ ಆಗಿದ್ದರೆಂಬುದನ್ನು ನಾವು ಮರೆಯಬಾರದು. ಗಡಿಯ ನಿರ್ಣಯಕ್ಕಾಗಿ ನಮ್ಮ ಸಮಿತಿಯು ಕಾದಿದೆ, ಕಾಯುತ್ತದೆ. ಆದರೆ ಎಂಟನೆಯ ತರಗತಿಯ ಮಗು ಕಾಯಲಾರದು. ಮುಂದಿನ ವರ್ಷ ಅದು ಒಂಬತ್ತಕ್ಕೆ ಹೋಗುತ್ತದೆ, ಅದರ ಮುಂದಿನ ವರ್ಷ ಹತ್ತಕ್ಕೆ. ಆ ಮೇಲೆ ಆ ಕಾಗದವನ್ನು ತಿದ್ದಲು ಯಾವ ಆಯೋಗಕ್ಕೂ ಸಾಧ್ಯವಿಲ್ಲ.

ಮಲೆಯಾಳದ ಮೇಲೆ ನಮಗೆ ಹಗೆಯಿಲ್ಲ. ನೆರೆಯವರ ನುಡಿಯನ್ನು ಕಲಿಯುವುದು ಲಾಭವೇ ಸರಿ. ನಾವು ಕೇಳುವುದು ಇಷ್ಟೇ. ನಮ್ಮ ಮಗು ಬರೆದುದನ್ನು ಓದಬಲ್ಲವರು ಅದಕ್ಕೆ ಬೆಲೆ ಕಟ್ಟಲಿ. ಕಟ್ಟಿದ ಬೆಲೆಯನ್ನು ನಾವು ಓದಬಲ್ಲ ಅಕ್ಷರಗಳಲ್ಲಿ ತಿಳಿಸಲಿ. ಮುಂದಿನ ಬಾರಿ ಪ್ರಗತಿಪತ್ರವು ಮನೆಗೆ ಬಂದಾಗ, ಸಹಿ ಹಾಕುವ ಮೊದಲು ಅದನ್ನು ದೀಪದ ಬೆಳಕಿಗೆ ಹಿಡಿದು ಪೂರ್ತಿಯಾಗಿ ಓದಿರಿ. ಓದಲಾಗದಿದ್ದರೆ ಸಹಿ ಹಾಕಬೇಡಿರಿ. ಅದನ್ನು ಹಿಡಿದುಕೊಂಡು ಶಾಲೆಗೆ ಹೋಗಿರಿ.